ಗೃಹಶೋಭೆ: ಪಡಸಾಲೆಯ ಗೋಡೆಗೆ ಪ್ಯಾರಿಸ್ ಪಟ್ಟಣದ ಬೀದಿ

ಕುಷ್ಟಗಿಯ ಕಡೆಯ ಹಿರಿಯ ಗೃಹಿಣಿಯೊಬ್ಬರು ನಮಗೆ ಬರೆದ ಓಲೆಯಲ್ಲಿ ಒಂದು ಸಣ್ಣ ವ್ಯಾಜ್ಯದ ಸಂಗತಿಯಿರುವುದು. ಮುಂಬಯಿಯಲ್ಲಿ ಹುಟ್ಟಿ ಬೆಳೆದ ಅವರ ಸೊಸೆಯು ಮನೆ ತುಂಬುವಾಗ ಮೂರು ಚಿತ್ರಗಳನ್ನು ತನ್ನೊಡನೆ ತಂದಳಂತೆ. ಮೂರೂ ಪ್ಯಾರಿಸ್ ಪಟ್ಟಣದ ಬೀದಿಗಳ ಅಚ್ಚಿನ ಪ್ರತಿಗಳು. ಅವನ್ನು ಪಡಸಾಲೆಯಲ್ಲಿ ತೂಗುಹಾಕಬೇಕೆಂದು ಅವಳ ಆಸೆ. “ಮುಖವೇ ಕಾಣದ ಮಂದಿ, ಕೊಡೆ, ಕುದುರೆಗಾಡಿ, ಕೆಸರು! ನಮ್ಮ ಹಿರಿಯರ ಭಾವಚಿತ್ರಗಳನ್ನು ಇಳಿಸಿ ಇವನ್ನೇಕೆ ಏರಿಸಬೇಕು?” ಎಂದು ಅತ್ತೆಯವರು ಕೇಳಿದರು. ಸೊಸೆಯು ಎದುರಾಡಲಿಲ್ಲ, ಚಿತ್ರಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು. ಅಂದಿನಿಂದ ತಮಗೆ ಸಮಾಧಾನವಿಲ್ಲವೆಂದು ಆ ತಾಯಿಯವರು ಬರೆದಿರುವರು. ಹಾಗೆ ಸಮಾಧಾನ ತಪ್ಪಿದುದೇ ಅವರ ದೊಡ್ಡ ಗುಣವೆಂದು ನಾವು ಬಲ್ಲೆವು.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವೆವು. ಹಿರಿಯರ ಭಾವಚಿತ್ರಗಳು ಇದ್ದಲ್ಲಿಯೇ ಇರಲಿ. ಸೊಸೆಯ ಚಿತ್ರಗಳು ಟ್ರಂಕಿನಿಂದ ಹೊರಗೆ ಬರಲಿ. ಪಡಸಾಲೆಗೆ ಗೋಡೆ ಒಂದೇ ಅಲ್ಲವಷ್ಟೆ. ಆದರೆ ಗೋಡೆ ಹಂಚಿಕೊಟ್ಟ ಮಾತ್ರಕ್ಕೆ ಮನಸ್ಸು ಒಪ್ಪುವುದಿಲ್ಲ. ಈ ಚಿತ್ರಗಳು ಯಾವುವು, ಅವುಗಳಲ್ಲಿ ಮುಖಗಳೇಕೆ ಕಾಣವು ಎಂಬುದನ್ನು ತಿಳಿದರೆ ಅತ್ತೆಯವರಿಗೂ ಅವು ಅಷ್ಟು ಪರಕೀಯವೆನಿಸಲಾರವು.

1874ರಲ್ಲಿ ಪ್ಯಾರಿಸಿನ ಬೂಲ್ವಾರ್ ದೆ ಕಾಪ್ಯುಸೀನ್ ಎಂಬ ಹೆದ್ದಾರಿಯಲ್ಲಿ, ನಾದಾರ್ ಎಂಬ ಹೆಸರಾಂತ ಛಾಯಾಗ್ರಾಹಕನು ಬಿಟ್ಟುಹೋಗಿದ್ದ ಅಟ್ಟದ ಕೋಣೆಗಳಲ್ಲಿ ಕೆಲವರು ಚಿತ್ರಕಾರರು ತಮ್ಮದೇ ಒಂದು ಪ್ರದರ್ಶನವನ್ನು ಏರ್ಪಡಿಸಿದರು. ಮೊನೆ ಎಂಬಾತನು ಅದೇ ಹೆದ್ದಾರಿಯನ್ನು ಮೇಲಿನಿಂದ ಕಂಡಂತೆ ಬರೆದ ಚಿತ್ರವೂ ಅಲ್ಲಿದ್ದಿತು. ಲೂಯಿ ಲರ್ವಾ ಎಂಬ ಪತ್ರಿಕಾ ಲೇಖಕನು ಅದನ್ನು ನೋಡಿ ನಕ್ಕನು. ಬೀದಿಯಲ್ಲಿ ನಡೆಯುವ ಜನರೆಲ್ಲ ನಾಲಗೆಯಿಂದ ನೆಕ್ಕಿದ ಕಪ್ಪು ಗುರುತುಗಳಂತೆ ಇದ್ದಾರೆಂದು ಹಾಸ್ಯಮಾಡಿದನು. ಆ ಗುಂಪಿಗೆ ಇಂಪ್ರೆಷನಿಸ್ಟರೆಂಬ ಹೆಸರು ಬಂದುದೂ ಅವನ ಹಾಸ್ಯದ ಬರಹದಿಂದಲೇ. ಕುಷ್ಟಗಿಯ ನಮ್ಮ ತಾಯಿಯವರು ಆಡಿದ ಮಾತು ಸರಿಸುಮಾರು ಇದೇ ಅಲ್ಲವೆ? ಪ್ಯಾರಿಸಿನ ಪಂಡಿತರಿಗೂ ಮುಖಗಳು ಕಾಣಲಿಲ್ಲವೆಂದ ಮೇಲೆ ಅವರನ್ನು ದೂರಲು ಯಾರಿಗೂ ಹಕ್ಕಿಲ್ಲ.

ಇನ್ನು ಮುಖವೇಕೆ ಕಾಣುವುದಿಲ್ಲವೆಂಬುದು. ಪುಷ್ಯಮಾಸದಲ್ಲಿ ಕೊಪ್ಪಳದ ಗವಿಸಿದ್ಧೇಶ್ವರನ ತೇರು ಎಳೆಯುವಾಗ ಮಠದ ಗುಡ್ಡದ ಮೇಲೆ ನಿಂತು ಕೆಳಗೆ ನೋಡಿದವರು ನಮ್ಮ ವಾಚಕರಲ್ಲಿ ಬಹಳ ಮಂದಿ ಇರುವರು. ಆಗ ಕಾಣುವುದೇನು? ಬಿಳಿಯ ಧೋತರಗಳು ಒಂದು ರಾಶಿ, ರುಮಾಲುಗಳು ಒಂದು ರಾಶಿ, ನಡುನಡುವೆ ಸೀರೆಗಳ ಕೆಂಪು ಹಸುರು. ಎಲ್ಲವೂ ಕೂಡಿ ಅಲುಗಾಡುವ ಒಂದೇ ಬಣ್ಣದ ಹೊಳೆ. ಆ ಗುಂಪಿನಲ್ಲಿ ನಮ್ಮ ಮಗನೇ ಇದ್ದರೂ ಗುರುತು ಹತ್ತದು. ಆದರೂ ಅದು ಜನವೆಂಬುದರಲ್ಲಿ ನಮಗೆ ಸಂದೇಹವುಂಟೆ? ಕಣ್ಣು ಕಂಡದ್ದನ್ನು ಕಂಡಷ್ಟೇ ಬರೆಯುವೆವು, ಬುದ್ಧಿಗೆ ಗೊತ್ತಿರುವ ಮೂಗು ಬಾಯಿಗಳನ್ನು ಮೇಲೆ ತಂದು ಹಚ್ಚಲಾರೆವು ಎಂಬುದೇ ಆ ಚಿತ್ರಕಾರರ ಹಟ.

ಕಮೀಯ್ ಪಿಸಾರೊ ಎಂಬ ಹಿರಿಯನು ಇಂಥದೊಂದು ಉತ್ಸವವನ್ನೇ ಬರೆದಿರುವನು. ಅವನಿಗೆ ಮುಪ್ಪಿನಲ್ಲಿ ಕಣ್ಣಿನ ಬೇನೆ ಹತ್ತಿ, ಗಾಳಿ ಧೂಳುಗಳಲ್ಲಿ ಹೊರಗೆ ನಿಂತು ಕೆಲಸಮಾಡುವುದು ಅಸಾಧ್ಯವಾಯಿತು. ನಮ್ಮ ಸೀಮೆಯ ಬೇಸಗೆಯ ಧೂಳನ್ನು ಬಲ್ಲವರಿಗೆ ಅವನ ಕಷ್ಟವನ್ನು ಬಿಡಿಸಿ ಹೇಳಬೇಕಾದುದಿಲ್ಲ. 1897ರ ಫೆಬ್ರವರಿಯಲ್ಲಿ, ತನ್ನ ಅರುವತ್ತಾರನೆಯ ವಯಸ್ಸಿನಲ್ಲಿ, ಅವನು ಪ್ಯಾರಿಸಿನ ಒಂದು ಹೋಟೆಲಿನಲ್ಲಿ ಕೋಣೆ ಹಿಡಿದು, ಅದರ ಕಿಟಕಿಯ ಬಳಿ ಕುಳಿತನು. ಕೆಳಗೆ ಬೂಲ್ವಾರ್ ಮೊಂಮಾರ್ತ್ರ್ ಎಂಬ ಬೀದಿ. ಏಪ್ರಿಲಿನವರೆಗೆ ಆ ಒಂದೇ ಬೀದಿಯನ್ನು 14 ಸಲ ಬರೆದನು: ಚಳಿಗಾಲದ ಮುಂಜಾವಿನಲ್ಲಿ, ಮಳೆಯಲ್ಲಿ, ಬಿಸಿಲಿನಲ್ಲಿ, ಮಾರ್ದಿ ಗ್ರಾ ಹಬ್ಬದ ಮೆರವಣಿಗೆ ಹೊರಟಾಗ, ರಾತ್ರಿ ದೀಪ ಹೊತ್ತಿದ ಮೇಲೆ. ಬೀದಿ ಬದಲಾಗಲಿಲ್ಲ, ಕಿಟಕಿ ಬದಲಾಗಲಿಲ್ಲ. ಬೆಳಕು ಮಾತ್ರ ಬೇರೆಯಾಯಿತು. ರಾತ್ರಿಯ ಚಿತ್ರಕ್ಕೆ ಅವನು ತನ್ನ ಹೆಸರನ್ನೂ ಹಾಕಲಿಲ್ಲ, ಬದುಕಿರುವವರೆಗೆ ಯಾರಿಗೂ ಪ್ರದರ್ಶಿಸಲೂ ಇಲ್ಲ. ಅದೀಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಹದಿನಾಲ್ಕರಲ್ಲಿ ನಮಗೆ ಅತ್ಯಂತ ಪ್ರಿಯವಾದುದು ಅದೇ.

ಈ ಕಿಟಕಿಯ ಮಾತಿಗೆ ನಾವು ಬೇಕೆಂದೇ ಬಂದೆವು. ಮುಂಬಯಿಯ ಮನೆ ಎಷ್ಟೇ ಇಕ್ಕಟ್ಟಾದರೂ ಅದಕ್ಕೊಂದು ರಸ್ತೆಯ ಕಡೆಯ ಕಿಟಕಿ ಇರುವುದು; ಅಲ್ಲಿ ನಿಂತ ಹುಡುಗಿಗೆ ಮೇಲಿನಿಂದ ಜನ, ಬಸ್ಸು, ಮಳೆ, ಕೊಡೆ ಎಲ್ಲವೂ ಕಾಣುವುವು. ನಮ್ಮ ಕಡೆಯ ಹಳೆಯ ಮೇಲ್ಮುದ್ದೆಯ ಮನೆಗಳು ಬಿಸಿಲಿಗೆ ಹೆದರಿ ಕಟ್ಟಿದವು: ದಪ್ಪ ಗೋಡೆ, ಮಾಳಿಗೆಯಲ್ಲೊಂದು ಬೆಳಕಿಂಡಿ, ಬೀದಿಯ ಕಡೆಗೆ ಬಾಗಿಲೊಂದೇ. ತಂಪಿಗೆ ಇದಕ್ಕಿಂತ ಮೇಲಾದ ಮನೆ ಬೇರೊಂದಿಲ್ಲ. ಆದರೆ ಇಪ್ಪತ್ತೈದು ವರ್ಷ ಕಿಟಕಿಯಲ್ಲಿ ನಿಂತು ಬೆಳೆದವಳು ಆ ಮನೆಯೊಳಗೆ ಏನನ್ನು ಕಳೆದುಕೊಂಡಳೆಂಬುದನ್ನು ಯಾರಾದರೂ ಕೇಳಿದರೇ? ಅವಳು ಟ್ರಂಕಿನಲ್ಲಿಟ್ಟದ್ದು ಅಲಂಕಾರದ ಸಾಮಾನಲ್ಲ, ತನ್ನ ತವರಿನ ಕಿಟಕಿಯನ್ನು ಎಂದು ನಮಗೆ ತೋರುವುದು. ಅದು ಪ್ಯಾರಿಸಿನದಾದರೇನು, ಮಳೆಯಲ್ಲಿ ಕೊಡೆ ಹಿಡಿದು ನಡೆಯುವ ಜನರು ಎಲ್ಲಿಯಾದರೂ ಒಂದೇ.

ಇದೇ ಸಂದರ್ಭದಲ್ಲಿ ಬೆರ್ತ್ ಮೊರಿಸೊ ಎಂಬಾಕೆಯನ್ನು ನೆನೆಯದೆ ಮುಂದೆ ಹೋಗಲಾರೆವು. ಆ ಗುಂಪು 1874ರಿಂದ 1886ರ ವರೆಗೆ ನಡೆಸಿದ ಎಂಟು ಪ್ರದರ್ಶನಗಳಲ್ಲಿ ಏಳರಲ್ಲಿ ಆಕೆಯ ಚಿತ್ರಗಳಿದ್ದವು. ತಪ್ಪಿದುದು ಮಗಳನ್ನು ಹೆತ್ತ ಮರುವರ್ಷ, 1879ರಲ್ಲಿ, ಒಂದು ಮಾತ್ರ. ಗಂಡಸರಂತೆ ಕಾಫಿ ಅಂಗಡಿಗಳಲ್ಲಿ ಕುಳಿತು ಊರನ್ನು ನೋಡುವುದು ಕುಲೀನ ಸ್ತ್ರೀಯರಿಗೆ ಆಗ ಸಲ್ಲುತ್ತಿರಲಿಲ್ಲ. 1872ರ ಸುಮಾರಿನ ಆಕೆಯ ಒಂದು ಚಿತ್ರದಲ್ಲಿ ಕಪ್ಪುಡುಪಿನ ಹೆಂಗಸೊಬ್ಬಳೂ ಪುಟ್ಟ ಹುಡುಗಿಯೂ ಮನೆಯ ಉಪ್ಪರಿಗೆಯ ಕಟಾಂಜನದ ಬಳಿ ನಿಂತು ದೂರದ ಪ್ಯಾರಿಸನ್ನು ನೋಡುತ್ತಿರುವರು. ದಿಗಂತದಲ್ಲಿ ಬಂಗಾರದ ಗುಮ್ಮಟವೊಂದು ಕಾಣುವುದು. ಮನೆಯೊಳಗಿನಿಂದಲೇ ಪಟ್ಟಣವನ್ನು ಕಂಡವಳು ಬರೆದ ಪಟ್ಟಣದ ಚಿತ್ರವಿದು. ನಮ್ಮನ್ನು ಕೇಳಿದರೆ ಪಡಸಾಲೆಗೆ ಇದಕ್ಕಿಂತ ಒಪ್ಪುವ ಚಿತ್ರವಿಲ್ಲ.

ಪರದೇಶದ ಬೀದಿ ನಮ್ಮ ಗೋಡೆಗೇಕೆ ಎಂಬ ಆಕ್ಷೇಪಣೆಗೆ ಎರಡು ಮಾತು. ಮೊನೆಯು ಝಿವರ್ನಿ ಎಂಬ ಹಳ್ಳಿಯ ತನ್ನ ಮನೆಯಲ್ಲಿ ಊಟದ ಕೋಣೆ ಮೊದಲ್ಗೊಂಡು ಗೋಡೆಗಳ ತುಂಬ ಜಪಾನಿನ ಅಚ್ಚಿನ ಚಿತ್ರಗಳನ್ನೇ ತೂಗುಹಾಕಿದ್ದನು. ಅವನ ಸಂಗ್ರಹದಲ್ಲಿ ಇನ್ನೂರಕ್ಕೂ ಮೇಲ್ಪಟ್ಟು ಇದ್ದವು. ಅಂಥ ಚಿತ್ರಗಳಿಗೆ ಹೆಸರಾದ ಹಿರೊಶಿಗೆಯು ಏಡೋ ಪಟ್ಟಣದ, ಎಂದರೆ ಇಂದಿನ ಟೋಕಿಯೋದ, ಸೇತುವೆ ಬೀದಿ ಮಳೆಗಳನ್ನು ಮರದಚ್ಚಿನಲ್ಲಿ ಸುಲಭ ಬೆಲೆಗೆ ಮನೆಮನೆಗೆ ಮುಟ್ಟಿಸಿದವನು. ಹೀಗೆ ಪ್ಯಾರಿಸಿನ ಬೀದಿಯನ್ನು ಬರೆದವನ ಮನೆಯಲ್ಲಿಯೇ ಪರದೇಶದ ಚಿತ್ರಗಳು ತುಂಬಿದ್ದವು. ಇನ್ನೊಂದು ಮಾತು ನಮ್ಮ ನೆರೆಯದೇ. ಗಂಗಾವತಿಯವರು ಹೊಳೆ ದಾಟಿದರೆ ಹಂಪೆ. ಅಲ್ಲಿ ವಿರೂಪಾಕ್ಷನ ರಂಗಮಂಟಪದ ಒಳಮಾಳಿಗೆಯಲ್ಲಿ ವಿದ್ಯಾರಣ್ಯರು ಪಲ್ಲಕ್ಕಿಯಲ್ಲಿ ಹೋಗುವ ಮೆರವಣಿಗೆಯ ಚಿತ್ರವಿದೆ. ದೇವರ ಗುಡಿಯಲ್ಲಿಯೇ ಬೀದಿಯ ಮೆರವಣಿಗೆಗೆ ಎಡೆಯಿರುವಾಗ ಪಡಸಾಲೆಯಲ್ಲಿ ಇರಬಾರದೆ? ಆ ಚಿತ್ರಗಳನ್ನು ಕೊಪ್ಪಳದ ಹತ್ತಿರದ ಕಿನ್ನಾಳದ ಚಿತ್ರಗಾರರ ಪೂರ್ವಜರು ಬರೆದರೆಂಬ ಐತಿಹ್ಯವೂ ಉಂಟು.

ಆದರೆ ಆರಿಸುವಾಗ ಎಚ್ಚರಿಕೆ ಬೇಕು. ಸೋಫಾದ ಬಣ್ಣಕ್ಕೆ ಹೊಂದುವುದೆಂದು ಚಿತ್ರ ಕೊಳ್ಳುವವರನ್ನು ನಾವು ಕಂಡಿದ್ದೇವೆ. ಅಂಥವರು ಒಂದು ಗಜ ಛೀಟು ಬಟ್ಟೆಯನ್ನೇ ಕಟ್ಟು ಹಾಕಿಸಬಹುದು. ಡೆಗಾ ಎಂಬವನ ಒಂದು ಚಿತ್ರದಲ್ಲಿ ಕಾಫಿ ಅಂಗಡಿಯ ಮೇಜಿನ ಮುಂದೆ ಗಂಡು ಹೆಣ್ಣು ಕುಳಿತಿರುವರು. ಬಣ್ಣ ಸೊಗಸಾಗಿದೆಯೆಂದು ಊಟದ ಕೋಣೆಗೆ ಅದನ್ನು ತರುವವರುಂಟು. ಹೆಂಗಸಿನ ಮುಂದಿರುವುದು ಆಬ್ಸಿಂತ್ ಎಂಬ ಕಟು ಮದ್ಯ. ಆಕೆಯ ಮುಖದಲ್ಲಿರುವುದು ತೀರದ ದುಃಖ. ಚಿತ್ರ ಶ್ರೇಷ್ಠವೇ, ರೊಟ್ಟಿ ಮುರಿಯುವ ಸ್ಥಳಕ್ಕೆ ಮಾತ್ರ ತಕ್ಕುದಲ್ಲ. ಮಕ್ಕಳಿರುವ ಮನೆಗೆ ಮೊನೆಯು 1877ರಲ್ಲಿ ಬರೆದ ಸಾಂ-ಲಜಾರ್ ರೈಲುನಿಲ್ದಾಣದ ಹೊಗೆಯ ಚಿತ್ರಗಳು ಒಪ್ಪುವುವು.

ಓಲೆಯಲ್ಲಿ ಹೇಳಿರುವ ಕೊಡೆಗಳ ಚಿತ್ರವು ಕಾಯ್‌ಬಾಟ್ ಎಂಬವನು 1877ರಲ್ಲಿ ಬರೆದ ‘ಪ್ಯಾರಿಸಿನ ಬೀದಿ, ಮಳೆಯ ದಿನ’ ಇರಬಹುದೆಂದು ಊಹಿಸುವೆವು. ಅದರಲ್ಲಿ ಒಂದು ವಿಚಿತ್ರವುಂಟು: ಮಳೆಯ ಒಂದು ಹನಿಯೂ ಕಾಣುವುದಿಲ್ಲ. ತೋಯ್ದ ಕಲ್ಲುಹಾಸಿನ ಹೊಳಪಿನಿಂದಲೂ ಬಿಚ್ಚಿದ ಕೊಡೆಗಳಿಂದಲೂ ಮಳೆಯನ್ನು ನಾವೇ ತಿಳಿಯಬೇಕು. ಮೋಡಕ್ಕಾಗಿ ಮುಖವೆತ್ತಿ ಕಾಯುವ ಕುಷ್ಟಗಿ ಯಲಬುರ್ಗಾಗಳಲ್ಲಿ ಅಂಥ ಚಿತ್ರವೊಂದು ಗೋಡೆಯ ಮೇಲಿರುವುದು ಶುಭವೇ! ಮೂಲಚಿತ್ರವು ಚಿಕಾಗೋದಲ್ಲಿದೆ, ಸುಮಾರು ಏಳಡಿ ಎತ್ತರ, ಒಂಬತ್ತಡಿ ಅಗಲ. ಪ್ರತಿಯನ್ನು 14 ಅಂಗುಲ ಎತ್ತರ, 18 ಅಂಗುಲ ಅಗಲಕ್ಕೆ ಮಾಡಿಸಿದರೆ ಅಳತೆಯ ಪ್ರಮಾಣ ಕೆಡದು. ಅಂಚು ಕತ್ತರಿಸಿದ ಪ್ರತಿಗಳಲ್ಲಿ ಬಲತುದಿಯಲ್ಲಿ ಬೆನ್ನು ತೋರಿಸಿ ನಡೆಯುವ ಮನುಷ್ಯನು ಮಾಯವಾಗಿರುವನು. ಕೊಳ್ಳುವ ಮುನ್ನ ಅವನಿರುವನೇ ಎಂದು ನೋಡಿರಿ. ಈ ಚಿತ್ರವಿರುವ ಚಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್ 2018ರಿಂದಲೂ, ಪಿಸಾರೊನ ಚಳಿಗಾಲದ ಮುಂಜಾವಿರುವ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯವು 2017ರಿಂದಲೂ ಇಂಥ ಹಳೆಯ ಚಿತ್ರಗಳ ಪ್ರತಿಗಳನ್ನು ಯಾರಾದರೂ ಬೆಲೆಯಿಲ್ಲದೆ ತೆಗೆದುಕೊಳ್ಳುವಂತೆ ಅಂತರ್ಜಾಲದಲ್ಲಿ ಇಟ್ಟಿರುವುವು. ಖರ್ಚು ಅಚ್ಚಿಗೂ ಕಟ್ಟಿಗೂ ಮಾತ್ರ. ಫ್ಲೆಕ್ಸಿನ ಮೇಲೆ ಅಚ್ಚುಹಾಕಿಸಬೇಡಿರಿ. ಅದರ ಹೊಳಪಿನಲ್ಲಿ ಚಿತ್ರ ಸತ್ತುಹೋಗುವುದು. ಮಿರುಗದ ದಪ್ಪ ಕಾಗದವೇ ಮೇಲು.

ತೂಗುಹಾಕುವ ಎತ್ತರದಲ್ಲಿ ನಮ್ಮ ಮನೆಗಳಲ್ಲಿ ತಪ್ಪು ನಡೆಯುವುದೇ ಹೆಚ್ಚು. ಸಂಗ್ರಹಾಲಯಗಳಲ್ಲಿ ಚಿತ್ರದ ನಡುಭಾಗವು ನೆಲದಿಂದ ಸುಮಾರು ಐದಡಿಯ ಮೇಲಿರುವುದು, ಅಲ್ಲಿ ನಿಂತು ನೋಡುವವರಿರುವುದರಿಂದ. ಜಮಖಾನದ ಮೇಲೆ ಕುಳಿತುಕೊಳ್ಳುವ ಪಡಸಾಲೆಯಲ್ಲಿ ಅದು ಮೂರೂವರೆ ನಾಲ್ಕಡಿಗೆ ಇಳಿಯಬೇಕು. ಹಿರಿಯರ ಭಾವಚಿತ್ರಗಳು ಮೇಲೆ ತೊಲೆಯ ಸಮೀಪದಲ್ಲಿರುವುದು ಗೌರವಕ್ಕೆ ತಕ್ಕುದೇ. ಬೀದಿಯ ಚಿತ್ರವನ್ನು ಅವುಗಳ ಸಾಲಿಗೆ ಸೇರಿಸದೆ ಎದುರು ಗೋಡೆಯಲ್ಲಿ ಕೆಳಗೆ ಇಡಿರಿ. ಈ ಚಿತ್ರಗಳನ್ನು ಮೂಗು ತಾಗಿಸಿ ನೋಡಿದರೆ ಬಣ್ಣದ ಗೀರುಗಳು ಮಾತ್ರ ಕಾಣುವುವು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಗಾಡಿ ಗಾಡಿಯಾಗುವುದು, ಜನ ಜನವಾಗುವರು. ಆದುದರಿಂದ ಓಣಿಯಂಥ ಇಕ್ಕಟ್ಟಿನ ಎಡೆ ಅವಕ್ಕೆ ಸಲ್ಲದು. ನೆಟ್ಟ ಬಿಸಿಲು ಬೀಳುವ ಗೋಡೆಯೂ ಒಗ್ಗರಣೆಯ ಹೊಗೆ ಮುಟ್ಟುವ ಗೋಡೆಯೂ ಬೇಡ. ಮಣ್ಣಿನ ಗೋಡೆಗೆ ಮೊಳೆ ನಿಲ್ಲುವುದಿಲ್ಲ, ಮರದ ಗೂಟ ಬಡಿಸಿರಿ. ಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಚಿಕ್ಕ ಮರದ ತುಂಡು ಅಂಟಿಸಿದರೆ ಗಾಳಿಯಾಡಿ ಸುಣ್ಣದ ತೇವ ಕಾಗದಕ್ಕೆ ಹತ್ತದು. ಗೆದ್ದಲನ್ನು ನೋಡಲು ತಿಂಗಳಿಗೊಮ್ಮೆ ಚಿತ್ರವನ್ನು ಇಳಿಸುವುದು ಒಳ್ಳಿತು.

ಕಿನ್ನಾಳದ ಗರುಡ, ಗಣಪತಿ, ತೊಟ್ಟಿಲುಗಳು ಯಾರ ಮನೆಯಲ್ಲಿರುವುವೋ ಅವರು ಅವನ್ನು ಈ ಚಿತ್ರಗಳಿಗಾಗಿ ಅಟ್ಟಕ್ಕೆ ಏರಿಸಕೂಡದು. ಹುಣಸೆಬೀಜದ ಅಂಟಿನಿಂದ ಕೂಡಿಸಿ ಬಣ್ಣಕೊಟ್ಟ ಆ ಹಗುರ ಮರದ ಬೊಂಬೆಗಳು ಗೋಡೆಯ ಮಾಡಿನಲ್ಲಿಯೇ ಇರಲಿ. ಅವುಗಳ ಧೂಳನ್ನು ಬಣ್ಣ ಕೀಳದಂತೆ ತೆಗೆಯುವ ಬಗೆಯನ್ನು ಮೂರು ಮಂದಿ ವಾಚಕರು ಕೇಳಿರುವರು. ಮುಂದಿನ ತಿಂಗಳು ಅದನ್ನು ಬರೆಯುವೆವು.