ಮಗಳ ಬೆನ್ನು ನೋಡಿ ಎಷ್ಟು ದಿನವಾಯ್ತು?

ಗೆಳತಿಯರೇ, ಮಗಳ ಬೆನ್ನಿಗೆ ಎಣ್ಣೆ ಹಚ್ಚಿ ನೀರು ಹಾಕಿದ್ದು ಕೊನೆಯ ಸಲ ಯಾವಾಗ? ಒಂಬತ್ತು ಹತ್ತು ವರ್ಷ ತುಂಬುತ್ತಿದ್ದಂತೆ ಹೆಣ್ಣುಮಕ್ಕಳು ಬಚ್ಚಲುಮನೆ ಬಾಗಿಲು ಹಾಕಿಕೊಳ್ಳುತ್ತಾರೆ. ಅದು ಸಹಜವೇ. ಆದರೆ ಬೆನ್ನುಮೂಳೆ ಪಕ್ಕಕ್ಕೆ ಬಾಗುವ ‘ಸ್ಕೋಲಿಯೋಸಿಸ್’ ಎಂಬ ತೊಂದರೆ ಹೆಚ್ಚಾಗಿ ಕಾಣಿಸಿಕೊಳ್ಳುವುದೂ 10ರಿಂದ 15ರ ಅದೇ ವಯಸ್ಸಿನಲ್ಲಿ. ನಾವು ನೋಡುವುದನ್ನು ಬಿಟ್ಟ ಹೊತ್ತಿಗೇ ಅದು ಶುರುವಾಗುತ್ತದೆ!

ನಮ್ಮ ಮನೆಯಲ್ಲೂ ಹೀಗೇ ಆಯ್ತು. ಗುಂಡ್ಲುಪೇಟೆಯಲ್ಲಿರುವ ನನ್ನ ಅಕ್ಕನ ಮಗಳಿಗೆ 12 ವರ್ಷ. ಯೂನಿಫಾರಂ ಚೂಡಿದಾರದ ಅಂಚು ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ. ಅಕ್ಕ ಎರಡು ಸಲ ವಾಪಸ್ ಕೊಟ್ಟು ಜಗಳ ಆಡಿದಳು. ಮೂರನೇ ಸಲ ಬಟ್ಟೆ ಹೊಲಿಯುವಾಕೆಯೇ ಮೆಲ್ಲಗೆ ಹೇಳಿದರಂತೆ: “ಅಳತೆ ಸರಿಯಾಗೇ ಅದೆ ಕಣಕ್ಕಾ. ಮಗಿಂದೇ ಒಂದು ಭುಜ ಮೇಲದೆ. ಒಸಿ ಡಾಕ್ಟ್ರಿಗೆ ತೋರಿಸಿ.”

ಅಕ್ಕ ಡಾಕ್ಟರ ಹತ್ತಿರ ಹೋಗಲಿಲ್ಲ. ನನಗೆ ಫೋನ್ ಮಾಡಿ, “ಯಾರಿಗೂ ಹೇಳಬೇಡ ಕಣೇ, ನಾಳೆ ಗಂಡು ಸಿಗಬೇಕಲ್ಲ” ಅಂದಳು. ಹೀಗೆ ಮುಚ್ಚಿಟ್ಟುಕೊಂಡೇ ನಾಲ್ಕು ತಿಂಗಳು ಕಳೆಯಿತು. ಕೊನೆಗೆ ಮಗುವನ್ನು ಚಾಮರಾಜನಗರಕ್ಕೆ ಕರೆಸಿಕೊಂಡು ಮೂಳೆ ವೈದ್ಯರಿಗೆ ತೋರಿಸಿದೆವು. ಎಕ್ಸ್‌ರೇಯಲ್ಲಿ ಬಾಗು 31 ಡಿಗ್ರಿ!

ಯಾಕೆ ಬರುತ್ತೆ?

“ಭಾರದ ಸ್ಕೂಲ್ ಬ್ಯಾಗ್ ಹೊತ್ತೇ ಹೀಗಾಯ್ತಾ?” ಅಂತ ಅಕ್ಕ ಅತ್ತಳು. ಅಲ್ಲ. ಬ್ಯಾಗಿನಿಂದಾಗಲೀ, ವಕ್ರವಾಗಿ ಕೂರುವುದರಿಂದಾಗಲೀ ಇದು ಬರುವುದಿಲ್ಲ. ನೂರಕ್ಕೆ ಸುಮಾರು 80 ಮಂದಿಯಲ್ಲಿ ಇಂಥದ್ದೇ ಎಂಬ ಕಾರಣ ಸಿಗುವುದಿಲ್ಲ. ಮನೆತನದಲ್ಲಿ ಇದ್ದರೆ ಸಾಧ್ಯತೆ ಹೆಚ್ಚು. ಕೆಲವರಿಗೆ ಹುಟ್ಟುವಾಗಲೇ ಮೂಳೆಯ ರಚನೆ ಸರಿಯಿರುವುದಿಲ್ಲ. ಇನ್ನು ಕೆಲವರಿಗೆ ನರ, ಸ್ನಾಯುಗಳ ಕಾಯಿಲೆಯಿಂದ ಬರುತ್ತದೆ. ಬಾಗು ಜಾಸ್ತಿಯಾಗುತ್ತಾ ಹೋಗುವುದು ಮಾತ್ರ ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಲ್ಲೇ ಹೆಚ್ಚು.

ಮನೆಯಲ್ಲೇ ನೋಡಿ

ಮಗುವನ್ನು ಪಾದ ಜೋಡಿಸಿ ನಿಲ್ಲಿಸಿ. ಎರಡೂ ಅಂಗೈ ಸೇರಿಸಿಕೊಂಡು, ಮಂಡಿ ಮಡಚದೆ, ಸೊಂಟದಿಂದ ಮುಂದಕ್ಕೆ ಬಗ್ಗಲು ಹೇಳಿ. ಹಿಂದೆ ನಿಂತು ನೋಡಿ. ಬೆನ್ನಿನ ಒಂದು ಪಕ್ಕ ಉಬ್ಬಿದಂತೆ ಕಂಡರೆ, ನೆಟ್ಟಗೆ ನಿಂತಾಗ ಭುಜ ಅಥವಾ ಸೊಂಟ ಏರುಪೇರಾಗಿದ್ದರೆ ಮೂಳೆ ವೈದ್ಯರಿಗೆ ತೋರಿಸಿ. ನೋವಿಲ್ಲ ಎಂದು ಸುಮ್ಮನಾಗಬೇಡಿ, ಬಹಳಷ್ಟು ಮಕ್ಕಳಿಗೆ ನೋವೇ ಇರುವುದಿಲ್ಲ. ಚಾಮರಾಜನಗರದವರಿಗೆ ಯಡಬೆಟ್ಟದ ಬಳಿ 2021ರಲ್ಲಿ ಉದ್ಘಾಟನೆಯಾದ ಸಿಮ್ಸ್ ಆಸ್ಪತ್ರೆ ಹತ್ತಿರದಲ್ಲೇ ಇದೆ.

ಚಿಕಿತ್ಸೆ ಏನು?

ಎಕ್ಸ್‌ರೇಯಲ್ಲಿ ಬಾಗು 10 ಡಿಗ್ರಿ ಅಥವಾ ಹೆಚ್ಚಿದ್ದರೆ ಸ್ಕೋಲಿಯೋಸಿಸ್ ಎನ್ನುತ್ತಾರೆ. 25ರ ಒಳಗಿದ್ದರೆ ಸಾಮಾನ್ಯವಾಗಿ ಕೆಲವು ತಿಂಗಳಿಗೊಮ್ಮೆ ನೋಡುತ್ತಿರುತ್ತಾರೆ, ಅಷ್ಟೇ. 25ರಿಂದ 40ರವರೆಗೆ ಇದ್ದು, ಮಗು ಇನ್ನೂ ಬೆಳೆಯುತ್ತಿದ್ದರೆ ಬ್ರೇಸ್, ಅಂದರೆ ಮೈಗೆ ಬಿಗಿಯುವ ಗಟ್ಟಿ ಕವಚ. 45-50 ದಾಟಿದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಎಣ್ಣೆ ಹಾಕಿ ನೀವಿಸಿದರೆ ಬಾಗಿದ ಮೂಳೆ ನೆಟ್ಟಗಾಗುವುದಿಲ್ಲ.

2013ರಲ್ಲಿ ಪ್ರಕಟವಾದ ಅಮೆರಿಕ-ಕೆನಡಾದ ಅಧ್ಯಯನದಲ್ಲಿ, ಬ್ರೇಸ್ ಹಾಕಿದವರಲ್ಲಿ ಶೇ 72 ಮಕ್ಕಳಿಗೆ ಬೆಳವಣಿಗೆ ಮುಗಿಯುವವರೆಗೂ ಬಾಗು 50 ಡಿಗ್ರಿ ಮುಟ್ಟಲಿಲ್ಲ. ಹಾಕದವರಲ್ಲಿ ಹಾಗೆ ಉಳಿದದ್ದು ಶೇ 48 ಮಾತ್ರ. ಆದರೆ ಬೆಳವಣಿಗೆ ನಿಂತ ಮೇಲೆ ಬ್ರೇಸ್‌ನಿಂದ ಬಾಗು ತಡೆಯುವ ಕಾಲ ಮುಗಿದಂತೆಯೇ. ಆದ್ದರಿಂದಲೇ ಮುಚ್ಚಿಟ್ಟ ಒಂದೊಂದು ತಿಂಗಳೂ ಮಗಳಿಗೆ ನಷ್ಟ.

ಇನ್ನು ಮದುವೆಯ ಚಿಂತೆ. ಸ್ಕೋಲಿಯೋಸಿಸ್ ಇರುವ ಹೆಚ್ಚಿನ ಹೆಣ್ಣುಮಕ್ಕಳು ಎಲ್ಲರಂತೆ ಓದಿ, ಕೆಲಸ ಮಾಡಿ, ಮಕ್ಕಳನ್ನೂ ಹೆರುತ್ತಾರೆ. ಬ್ರಿಟನ್ನಿನ ರಾಜಕುಮಾರಿ ಯೂಜಿನಿಗೆ 12ನೇ ವಯಸ್ಸಿನಲ್ಲಿ ಬೆನ್ನಿನ ಆಪರೇಷನ್ ಆಗಿತ್ತು. 2018ರಲ್ಲಿ ಮದುವೆಯ ದಿನ ಆಕೆ ಆ ಗಾಯದ ಗುರುತು ಎಲ್ಲರಿಗೂ ಕಾಣುವಂಥ ಗೌನನ್ನೇ ತೊಟ್ಟರು. ನಾವು ಅಷ್ಟು ಮಾಡದಿದ್ದರೂ ಪರವಾಗಿಲ್ಲ, ಡಾಕ್ಟರಿಂದಲಾದರೂ ಮುಚ್ಚಿಡಬಾರದಲ್ಲವೇ?

ಅಕ್ಕನ ಮಗಳು ಈಗ ಯೂನಿಫಾರಂ ಒಳಗೆ ಬ್ರೇಸ್ ಹಾಕಿಕೊಂಡೇ ಸ್ಕೂಲಿಗೆ ಹೋಗುತ್ತಾಳೆ. ಸೆಕೆ, ಕಿರಿಕಿರಿ, ಒಮ್ಮೊಮ್ಮೆ ಅಳು ಎಲ್ಲಾ ಇದೆ. ಬಟ್ಟೆ ಸಡಿಲ ಮಾಡಿ ಹೊಲಿದುಕೊಟ್ಟವರು ಅದೇ ಟೈಲರ್. ಅಕ್ಕ ಜಗಳ ಆಡಿದ್ದಕ್ಕೆ ಕ್ಷಮೆ ಕೇಳಿ ಬಂದಿದ್ದಾಳೆ.

ಈ ಭಾನುವಾರ ತಲೆಗೆ ಎಣ್ಣೆ ಹಚ್ಚುವ ನೆಪದಲ್ಲಾದರೂ ಮಗಳನ್ನು ಹತ್ತಿರ ಕೂರಿಸಿಕೊಳ್ಳಿ. ಹಾಗೇ ಒಮ್ಮೆ ಬೆನ್ನನ್ನೂ ನೋಡಿಬಿಡಿ.