ಎರಡು ವಾರದ ಅಣ್ಣ, ಅಕ್ಕ ಆ ಮಕ್ಕಳಿಗೆ ಬೇಕಿಲ್ಲ

ಫೇಸ್‌ಬುಕ್ಕಲ್ಲಿ, ಇನ್‌ಸ್ಟಾಗ್ರಾಮಲ್ಲಿ ಈ ಫೋಟೋ ನೀವೂ ನೋಡಿರುತ್ತೀರಿ. ಹಿಂದೆ ಕೆಂಪು ಮಣ್ಣಿನ ಅಂಗಳ, ತಗಡಿನ ಮಾಡು. ಮುಂದೆ ಆಫ್ರಿಕಾದ ಹತ್ತು ಹನ್ನೆರಡು ಮಕ್ಕಳು. ಅವರ ನಡುವೆ ಒಂದು ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ನಗುತ್ತಿರುವ ಹೊರದೇಶದ ಯುವಕನೋ ಯುವತಿಯೋ. ಕೆಳಗೆ ಒಂದು ಸಾಲು: ನನ್ನ ಬದುಕನ್ನೇ ಬದಲಿಸಿದ ಎರಡು ವಾರ.

ಮೊದಲು ಇದು ಯುರೋಪ್, ಅಮೆರಿಕದವರ ರಜೆಯ ಹವ್ಯಾಸವಾಗಿತ್ತು. ಈಗ ನಮ್ಮ ದೇಶದ ಕಾಲೇಜು ಹುಡುಗ ಹುಡುಗಿಯರೂ ‘ವಾಲಂಟಿಯರ್’ ಆಗಿ ಕೆನ್ಯಾ, ಘಾನಾ, ತಾಂಜಾನಿಯಾಕ್ಕೆ ಹೋಗಿ ಸರ್ಟಿಫಿಕೇಟ್ ತರುತ್ತಾರೆ. ಹೋದವರ ಬದುಕು ಬದಲಾಗಿರಬಹುದು. ಆ ಮಕ್ಕಳ ಬದುಕಿಗೆ ಏನಾಯಿತು ಅಂತ ಕೇಳುವವರು ಕಡಿಮೆ. ನಾವು ಅದನ್ನೇ ಕೇಳೋಣ.

ಕೆನ್ಯಾದ ಹಳ್ಳಿಯೊಂದರ ಮಕ್ಕಳ ಮನೆಯಲ್ಲಿ ದಿನ ನಸುಕಿಗೇ ಶುರುವಾಗುತ್ತದೆ. ದೊಡ್ಡ ಮಕ್ಕಳು ಹಳದಿ ಕ್ಯಾನ್ ಹಿಡಿದು ನೀರಿಗೆ ಹೋಗುತ್ತಾರೆ. ಬೆಳಿಗ್ಗೆ ಕುಡಿಯಲು ಹಿಟ್ಟಿನ ಗಂಜಿ, ಅದಕ್ಕೆ ಅಲ್ಲಿ ‘ಉಜಿ’ ಅಂತಾರೆ. ಆಮೇಲೆ ಯೂನಿಫಾರ್ಮ್ ಹಾಕಿಕೊಂಡು ಶಾಲೆಗೆ. ಸಂಜೆ ಬಟ್ಟೆ ಒಗೆಯುವುದು, ಕಸ ಗುಡಿಸುವುದು, ಪಾಠ ಓದುವುದು. ರಾತ್ರಿ ಊಟಕ್ಕೆ ‘ಉಗಾಲಿ’. ಅದು ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ನಮ್ಮ ರಾಗಿ ಮುದ್ದೆಯ ನೆಂಟ ಅನ್ನಿ. ಜೊತೆಗೆ ‘ಸುಕುಮಾ ವಿಕಿ’ ಸೊಪ್ಪು. ವಾರ ತಳ್ಳು ಅಂತ ಆ ಹೆಸರಿನ ಅರ್ಥ. ಕೈಯಲ್ಲಿ ಕಾಸಿಲ್ಲದಾಗ ವಾರ ದಾಟಿಸುವ ಸೊಪ್ಪು ಅದು.

ಇಷ್ಟೆಲ್ಲ ಕೆಲಸದಲ್ಲಿ ವಾಲಂಟಿಯರ್ ಪಾಲು ಯಾವುದು? ಐವತ್ತು ಮಂದಿಗೆ ಉಗಾಲಿ ತಿರುವಲು ಅವರಿಗೆ ಬರುವುದಿಲ್ಲ. ರಾತ್ರಿ ಮಗುವಿಗೆ ಜ್ವರ ಬಂದರೆ ಅದು ಯಾವ ಭಾಷೆಯಲ್ಲಿ ಅಳುತ್ತಿದೆ ಅಂತಲೂ ತಿಳಿಯುವುದಿಲ್ಲ. ಅವರಿಗೆ ಉಳಿಯುವುದು ಇಂಗ್ಲಿಷ್ ಹಾಡು ಹೇಳಿಕೊಡುವುದು, ಚೆಂಡಾಟ ಆಡಿಸುವುದು, ಚಿಕ್ಕವರನ್ನು ಎತ್ತಿಕೊಳ್ಳುವುದು, ಫೋಟೋ ತೆಗೆಯುವುದು. ನಿಜವಾಗಿ ಆ ಮನೆ ನಡೆಸುವವರು ಅಡುಗೆ ಮಾಡುವ, ಮೈ ತೊಳೆಸುವ, ರಾತ್ರಿ ಎದ್ದು ಕೂರುವ ಅಲ್ಲಿನ ಹೆಂಗಸರು. ಮಕ್ಕಳು ಅವರನ್ನು ‘ಮಾಮಾ’ ಅಂತ ಕರೆಯುತ್ತಾರೆ, ಅಂದರೆ ಅಮ್ಮ. ಫೋಟೋದಲ್ಲಿ ಆಕೆ ಇರುವುದಿಲ್ಲ.

‘ಹೋದ ತಕ್ಷಣ ಮಕ್ಕಳು ಓಡಿ ಬಂದು ತಬ್ಬಿಕೊಂಡರು, ಎಷ್ಟು ಪ್ರೀತಿ!’ ಅಂತ ಹೋಗಿ ಬಂದವರೆಲ್ಲ ಹೇಳುತ್ತಾರೆ. ಸ್ವಲ್ಪ ಯೋಚಿಸಿ. ನಿಮ್ಮ ಮನೆಗೆ ಗುರುತಿಲ್ಲದವರು ಬಂದರೆ ಎರಡು ವರ್ಷದ ಮಗು ಏನು ಮಾಡುತ್ತದೆ? ಅಮ್ಮನ ಸೆರಗು ಹಿಡಿದು ಹಿಂದೆ ನಿಲ್ಲುತ್ತದೆ. ಅದು ಆರೋಗ್ಯವಂತ ಮಗುವಿನ ಲಕ್ಷಣ. ಕಂಡಕಂಡವರ ಕೊರಳಿಗೆ ಬೀಳುವ ಮಗು, ತನ್ನವರು ಅಂತ ಹಿಡಿದುಕೊಳ್ಳಲು ಯಾರೂ ಇಲ್ಲದ ಮಗು ಇರಬಹುದು. ಅದು ಹೀಗೆ ತಬ್ಬಿದವರು ಎರಡು ವಾರಕ್ಕೆ ಹೋಗುತ್ತಾರೆ. ಮತ್ತೊಬ್ಬರು ಬರುತ್ತಾರೆ. ಅವರೂ ಹೋಗುತ್ತಾರೆ. ಸಂಶೋಧಕರಾದ ಲಿಂಡಾ ರಿಕ್ಟರ್ ಮತ್ತು ಏಮಿ ನಾರ್ಮನ್ 2010ರಲ್ಲೇ ಈ ಬಗ್ಗೆ ಬರೆದು ಎಚ್ಚರಿಸಿದ್ದರು. ಏಡ್ಸ್‌ನಿಂದ ತಬ್ಬಲಿಯಾದ ಮಕ್ಕಳನ್ನು ನೋಡಲು ಬರುವ ಈ ಪ್ರವಾಸ, ಒಮ್ಮೆ ತಾಯಿಯನ್ನು ಕಳೆದುಕೊಂಡ ಮಗುವಿಗೆ ಮತ್ತೆ ಮತ್ತೆ ಕಳೆದುಕೊಳ್ಳುವ ನೋವು ಕೊಡುತ್ತದೆ.

ಇದು ಬರೀ ಭಾವನೆಯ ಮಾತಲ್ಲ. ಯುರೋಪಿನ ರೊಮೇನಿಯಾದಲ್ಲಿ 2000ದ ಆಸುಪಾಸಿನಲ್ಲಿ, ಅನಾಥಾಲಯಗಳಲ್ಲಿದ್ದ 136 ಪುಟ್ಟ ಮಕ್ಕಳ ಅಧ್ಯಯನ ಶುರುವಾಯಿತು. ಅವರಲ್ಲಿ ಅರ್ಧದಷ್ಟು ಮಕ್ಕಳನ್ನು ಸಾಕು ಕುಟುಂಬಗಳಿಗೆ ಕೊಟ್ಟು, ಎಲ್ಲರ ಬೆಳವಣಿಗೆಯನ್ನು ವರ್ಷಗಟ್ಟಲೆ ನೋಡಿದರು. ಕುಟುಂಬ ಸಿಕ್ಕ ಮಕ್ಕಳ ಬುದ್ಧಿ, ಮಾತು, ಜನರೊಡನೆ ಬೆರೆಯುವ ರೀತಿ ಎಲ್ಲವೂ ಮೇಲಾದವು. ಎರಡು ವರ್ಷ ತುಂಬುವ ಮೊದಲೇ ಹೋದವರಿಗೆ ಹೆಚ್ಚು ಲಾಭವಾಯಿತು. ಮಗುವಿಗೆ ಬೇಕಾದ್ದು ದಿನವೂ ಕಾಣುವ ಅದೇ ಮುಖ, ದಿನವೂ ಎತ್ತಿಕೊಳ್ಳುವ ಅದೇ ಕೈ.

ಇದನ್ನೇ ನಮ್ಮೂರಿಗೆ ಹಾಕಿ ನೋಡಿ. ನಾಳೆ ನಿಮ್ಮೂರಿನ ಅಂಗನವಾಡಿಗೆ ಬೇರೆ ದೇಶದ ಇಪ್ಪತ್ತು ವರ್ಷದ ಹುಡುಗನೊಬ್ಬ ಬರುತ್ತಾನೆ. ಕನ್ನಡ ಬರುವುದಿಲ್ಲ. ಮಕ್ಕಳನ್ನು ನೋಡಿಕೊಳ್ಳಲು ಯಾವ ತರಬೇತಿಯೂ ಇಲ್ಲ. ಅವನ ಹಿಂದುಮುಂದು ಯಾರಿಗೂ ಗೊತ್ತಿಲ್ಲ. ಎರಡು ವಾರ ಮಕ್ಕಳನ್ನು ಮುದ್ದಾಡುತ್ತೇನೆ, ಸ್ನಾನ ಮಾಡಿಸುತ್ತೇನೆ, ಫೋಟೋ ತೆಗೆದು ಜಗತ್ತಿಗೆಲ್ಲ ತೋರಿಸುತ್ತೇನೆ ಅನ್ನುತ್ತಾನೆ. ನೀವು ಬಿಡುತ್ತೀರಾ? ಅಂಗನವಾಡಿ ಟೀಚರೇ ಬಾಗಿಲಲ್ಲಿ ತಡೆಯುತ್ತಾರೆ. ನಮ್ಮ ಮಗುವಿಗೆ ಬೇಡವಾದದ್ದು ಆಫ್ರಿಕಾದ ಮಗುವಿಗೆ ಸೇವೆ ಆಗುವುದು ಹೇಗೆ?

ಇನ್ನು ‘ಅನಾಥ’ ಅನ್ನುವ ಮಾತಿಗೆ ಬರೋಣ. ಅಂತಾರಾಷ್ಟ್ರೀಯ ಲೆಕ್ಕದಲ್ಲಿ ಅಪ್ಪ ಅಮ್ಮಂದಿರಲ್ಲಿ ಒಬ್ಬರು ತೀರಿಕೊಂಡರೂ ಆ ಮಗು ಅನಾಥರ ಪಟ್ಟಿಗೆ ಸೇರುತ್ತದೆ. ಅಪ್ಪ ಸತ್ತು ಅಮ್ಮ ಕೂಲಿ ಮಾಡಿ ಸಾಕುತ್ತಿರುವ ಮಗುವನ್ನು ನಾವು ಅನಾಥ ಅಂತೀವಾ? ಸೇವ್ ದ ಚಿಲ್ಡ್ರನ್ ಸಂಸ್ಥೆ 2009ರ ವರದಿಯಲ್ಲಿ ಹೇಳಿರುವ ಪ್ರಕಾರ, ಜಗತ್ತಿನಲ್ಲಿ ಇಂಥ ಮನೆಗಳಲ್ಲಿರುವ ಐದು ಮಕ್ಕಳಲ್ಲಿ ಕನಿಷ್ಠ ನಾಲ್ವರಿಗೆ ಅಪ್ಪ ಅಥವಾ ಅಮ್ಮ ಅಥವಾ ಇಬ್ಬರೂ ಇದ್ದಾರೆ.

ಹಾಗಾದರೆ ಅವರು ಅಲ್ಲಿಗೆ ಬಂದದ್ದು ಯಾಕೆ? ಬಡತನ. ಕೆನ್ಯಾದಲ್ಲಿ 2003ರಿಂದ ಪ್ರಾಥಮಿಕ ಶಾಲೆಗೆ ಫೀಸು ಇಲ್ಲ ನಿಜ. ಆದರೆ ಯೂನಿಫಾರ್ಮ್, ಪುಸ್ತಕ, ಮುಂದಿನ ಓದಿನ ಖರ್ಚು ಇದ್ದೇ ಇದೆ. ಮಕ್ಕಳ ಮನೆಗೆ ಸೇರಿಸಿದರೆ ಊಟವೂ ಓದೂ ಸಿಗುತ್ತದೆ ಅಂತ ಅಜ್ಜಿಯೋ ಚಿಕ್ಕಮ್ಮನೋ ಕಣ್ಣೀರು ಒರೆಸಿಕೊಂಡು ಬಿಟ್ಟು ಹೋಗುತ್ತಾರೆ. ನಮ್ಮಲ್ಲೂ ಮಕ್ಕಳನ್ನು ಹಾಸ್ಟೆಲಿಗೆ ಸೇರಿಸುತ್ತಾರಲ್ಲ, ಅಂತ ನೀವು ಕೇಳಬಹುದು. ಹಾಸ್ಟೆಲಿನ ಮಗು ಹಬ್ಬಕ್ಕೆ ಮನೆಗೆ ಬರುತ್ತದೆ. ಅಲ್ಲಿ ಮಗು ಮನೆಗೆ ಮರಳಿದರೆ ಮಕ್ಕಳ ಮನೆಗೆ ಆದಾಯ ಕಡಿಮೆ.

ಇದೇ ಈ ವ್ಯವಹಾರದ ಗುಟ್ಟು. ಮಕ್ಕಳಿದ್ದರೆ ವಾಲಂಟಿಯರ್ ಬರುತ್ತಾರೆ. ವಾಲಂಟಿಯರ್ ಬಂದರೆ ದುಡ್ಡು ಬರುತ್ತದೆ. ದುಡ್ಡು ಬರುತ್ತಿರಬೇಕಾದರೆ ಹಾಸಿಗೆಗಳು ತುಂಬಿರಬೇಕು. ಎಲ್ಲ ಮನೆಗಳೂ ಹೀಗೆ ಅಂತ ನಾವು ಹೇಳುತ್ತಿಲ್ಲ, ಒಳ್ಳೆಯ ಮನಸ್ಸಿನಿಂದ ನಡೆಸುವವರೂ ಇದ್ದಾರೆ. ಆದರೆ ಮನಸ್ಸು ಒಳ್ಳೆಯದಾದ ಮಾತ್ರಕ್ಕೆ ಲೆಕ್ಕ ಬದಲಾಗುವುದಿಲ್ಲ. ಕೆನ್ಯಾ ಸರ್ಕಾರವೇ 2017ರಲ್ಲಿ ಇಂಥ ಹೊಸ ಮನೆಗಳ ನೋಂದಣಿ ನಿಲ್ಲಿಸಿತು. 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ, ಮಕ್ಕಳ ಮನೆಗಳಿಗೆ ಹೋಗುವ ಈ ವಾಲಂಟಿಯರ್ ಪದ್ಧತಿಯಿಂದ ಆಗುವ ಹಾನಿಯನ್ನು ತನ್ನ ನಿರ್ಣಯದಲ್ಲೇ ಎತ್ತಿ ಹೇಳಿತು.

‘ಹಾಗಾದರೆ ನಿಜವಾಗಿ ಯಾರೂ ಇಲ್ಲದ ಮಕ್ಕಳನ್ನು ಬೀದಿಗೆ ಬಿಡಬೇಕಾ?’ ಅಂತ ಕೇಳುವವರು ರುವಾಂಡಾ ಕಡೆ ನೋಡಲಿ. 1994ರ ನರಮೇಧದಲ್ಲಿ ಲೆಕ್ಕವಿಲ್ಲದಷ್ಟು ಮಕ್ಕಳು ಹೆತ್ತವರನ್ನು ಕಳೆದುಕೊಂಡ ದೇಶ ಅದು. 2012ರಲ್ಲಿ ಎಣಿಸಿದಾಗ ಅಲ್ಲಿನ 33 ಮನೆಗಳಲ್ಲಿ 3,323 ಮಂದಿ ಇದ್ದರು. ಸರ್ಕಾರ ಬಾಗಿಲು ಹಾಕಿ ಮಕ್ಕಳನ್ನು ಹೊರಗೆ ದಬ್ಬಲಿಲ್ಲ. ಒಂದೊಂದು ಮಗುವಿನ ಬಂಧುಗಳನ್ನು ಹುಡುಕಿಸಿತು. ಬಂಧುಗಳು ಸಿಗದ ಕಡೆ ಸಾಕು ಕುಟುಂಬಗಳನ್ನು ಆರಿಸಿ ತರಬೇತಿ ಕೊಟ್ಟಿತು. ಆ ಸಾಕು ತಂದೆತಾಯಿಗೆ ಅಲ್ಲಿ ‘ಮಲಾಯಿಕಾ ಮುರಿಂಜಿ’ ಅಂತಾರೆ, ಕಾಯುವ ದೇವತೆ ಅಂತ ಅರ್ಥ. ಎರಡು ವಾರಕ್ಕೆ ಬಂದು ಹೋಗುವವರಿಗೆ ಆ ಹೆಸರು ಸಿಗುವುದಿಲ್ಲ.

ದುಡ್ಡಿನ ಲೆಕ್ಕವನ್ನೂ ಹಾಕಿಬಿಡೋಣ. ಹೆತ್ತವರನ್ನು ಕಳೆದುಕೊಂಡ ಮಕ್ಕಳನ್ನು ಸಾಕುವ ಬಡ ಮನೆಗಳಿಗೆ ಕೆನ್ಯಾ ಸರ್ಕಾರ 2004ರಲ್ಲಿ ನಗದು ಕೊಡಲು ಶುರುಮಾಡಿತು. ಅದು ತಿಂಗಳಿಗೆ 2,000 ಶಿಲ್ಲಿಂಗ್‌ವರೆಗೆ ಏರಿತು. ನಮ್ಮ ಲೆಕ್ಕದಲ್ಲಿ ಸುಮಾರು 1,300 ರೂಪಾಯಿ. ಅಷ್ಟೇ ದುಡ್ಡಿಗೆ ಆ ಮನೆಗಳ ಹೆಚ್ಚು ಮಕ್ಕಳು ಹೈಸ್ಕೂಲು ಮೆಟ್ಟಿಲು ಹತ್ತಿದರು. ಈಗ ಒಬ್ಬ ವಾಲಂಟಿಯರ್ ಹೋಗಿ ಬರುವ ವಿಮಾನದ ಟಿಕೆಟ್ಟಿಗೆ 40,000 ರೂಪಾಯಿ ಅಂದುಕೊಳ್ಳಿ. ಏಜೆನ್ಸಿ ಫೀಸು, ತಿರುಗಾಟ ಬೇರೆ. ಬರೀ ಆ ಟಿಕೆಟ್ ದುಡ್ಡಲ್ಲಿ ಅಜ್ಜಿಯೊಬ್ಬಳಿಗೆ ಎರಡೂವರೆ ವರ್ಷ ಆ ನೆರವು ಕೊಡಬಹುದು. ಮೊಮ್ಮಗು ಅವಳ ಪಕ್ಕದಲ್ಲೇ ಮಲಗುತ್ತದೆ.

‘ಹೋಗಿ ಬಂದರೆ ನಮ್ಮ ಮಕ್ಕಳು ಜಗತ್ತು ನೋಡುತ್ತಾರೆ, ಅವರ ಕಣ್ಣು ತೆರೆಯುತ್ತದೆ’ ಅನ್ನುವವರಿದ್ದಾರೆ. ನೋಡಲಿ, ಯಾರು ಬೇಡ ಅಂದರು? ಕೆನ್ಯಾ ಸುತ್ತಲಿ, ಸ್ವಾಹಿಲಿ ಕಲಿಯಲಿ, ಉಗಾಲಿ ತಿನ್ನಲಿ. ನರ್ಸಿಂಗೋ ನೀರಾವರಿಯೋ ಲೆಕ್ಕಪತ್ರವೋ ಬರುವವರು ಅಲ್ಲಿನ ದೊಡ್ಡವರಿಗೆ ಕಲಿಸಲಿ, ಅವರಿಂದ ಕಲಿಯಲಿ. ಆದರೆ ಹೆತ್ತವರಿಂದ ದೂರವಾದ ಮಗು ನಮ್ಮ ಮಕ್ಕಳ ಅನುಭವಕ್ಕೆ ಪಠ್ಯಪುಸ್ತಕ ಅಲ್ಲ.

ನಿಮ್ಮೂರಿನ ಹುಡುಗನೋ ಹುಡುಗಿಯೋ ನಾಳೆ ಇಂಥ ಅವಕಾಶ ಬಂದಿದೆ ಅನ್ನಬಹುದು. ದುಡ್ಡು ಹಾಕಿ ಅಂತ ವಾಟ್ಸಾಪ್ ಗುಂಪಿಗೆ ಲಿಂಕ್ ಬರಬಹುದು. ಆಗ ಮೂರು ಪ್ರಶ್ನೆ ಕೇಳಿ.

ಈ ಮಕ್ಕಳ ಅಪ್ಪ, ಅಮ್ಮ, ಅಜ್ಜಿ ಈಗ ಎಲ್ಲಿದ್ದಾರೆ?

ಕಳೆದ ವರ್ಷ ಇಲ್ಲಿಂದ ಎಷ್ಟು ಮಕ್ಕಳು ತಮ್ಮ ಮನೆಗೆ ಮರಳಿದರು?

ವಾಲಂಟಿಯರ್ ಮಾಡುವ ಕೆಲಸಕ್ಕೆ ಅದೇ ಊರಿನ ಹೆಂಗಸೊಬ್ಬಳನ್ನು ಸಂಬಳ ಕೊಟ್ಟು ಯಾಕೆ ಇಟ್ಟುಕೊಂಡಿಲ್ಲ?

ಮೂರಕ್ಕೂ ನೇರ ಉತ್ತರ ಸಿಗದಿದ್ದರೆ ಒಂದು ರೂಪಾಯಿಯನ್ನೂ ಹಾಕಬೇಡಿ, ನಿಮ್ಮ ಮಕ್ಕಳನ್ನೂ ಕಳಿಸಬೇಡಿ. ಕೊಡುವ ಮನಸ್ಸಿದ್ದರೆ ಮಗುವನ್ನು ಅದರ ಮನೆಯಲ್ಲೇ ಉಳಿಸುವ ಕೆಲಸಕ್ಕೆ ಕೊಡಿ. ಅದಕ್ಕೆ ಫೋಟೋ ಬರುವುದಿಲ್ಲ, ಸರ್ಟಿಫಿಕೇಟೂ ಬರುವುದಿಲ್ಲ. ಒಂದು ಮಗು ತನ್ನವರ ಹತ್ತಿರ ಬೆಳೆಯುತ್ತದೆ, ಅಷ್ಟೇ.