ಗೆದ್ದ ಆಪರೇಷನ್, ಉಳಿದ ನೋವು

ಬೈಪಾಸ್ ಆಗಿ ನಾಲ್ಕೈದು ತಿಂಗಳಾದವರು ‘ಇನ್ನೂ ಎದಿ ನೋಯ್ತದ’ ಅಂದರೆ ಮನೆಯವರಿಗೆ ಎರಡೇ ಯೋಚನೆ ಬರುತ್ತವೆ. ಆಪರೇಷನ್ ಎಲ್ಲೋ ಕೆಟ್ಟಿದೆ ಎಂಬುದು ಒಂದು. ಇವರಿಗೆ ಗೋಳಾಡುವುದೇ ರೂಢಿಯಾಗಿದೆ ಎಂಬುದು ಇನ್ನೊಂದು. ಮೊದಲನೆಯದು ಹೆದರಿಸುತ್ತದೆ, ಎರಡನೆಯದು ಬಾಯಿ ಮುಚ್ಚಿಸುತ್ತದೆ. ಹೆಚ್ಚಿನ ಸಲ ಎರಡೂ ಸುಳ್ಳು. ಆಪರೇಷನ್ ಚೆನ್ನಾಗಿಯೇ ಆಗಿರುತ್ತದೆ, ನೋವೂ ನಿಜವೇ ಇರುತ್ತದೆ. ಈ ಎರಡು ಮಾತನ್ನು ಒಟ್ಟಿಗೆ ಒಪ್ಪಿಕೊಳ್ಳಲು ನಮ್ಮ ಮನೆಗಳಿಗೂ ಆಸ್ಪತ್ರೆಗಳಿಗೂ ಯಾಕಿಷ್ಟು ಕಷ್ಟ?

ವಲಾಂಡಿಯಂಥ ಊರಿನಲ್ಲಿ ನಿಂತು ನೋಡಿದರೆ ಈ ಪ್ರಶ್ನೆ ಇನ್ನಷ್ಟು ನಿಚ್ಚಳ. ಲಾತೂರು ಜಿಲ್ಲೆಯ ದೇವಣಿ ತಾಲೂಕಿನ ಈ ಊರಿಗೆ ಒಂದು ಕಡೆ ನಿಲಂಗಾ, ಇನ್ನೊಂದು ಕಡೆ ಉದಗೀರ. ಬೀದರ ಜಿಲ್ಲೆಯ ಗಡಿಯೂ ದೂರವಿಲ್ಲ. ಮನೆಮಾತು ಕನ್ನಡವಾದವರೂ ಶಾಲೆ, ಕಚೇರಿಯಲ್ಲಿ ಮರಾಠಿ ಆಡುತ್ತಾರೆ. ಹೃದಯದ ಆಪರೇಷನ್ ಅಂದರೆ ಲಾತೂರು, ಸೊಲ್ಲಾಪುರ, ಹೈದರಾಬಾದು, ಇಲ್ಲವೇ ಕಲಬುರಗಿಯ ದಾರಿ ಹಿಡಿಯಬೇಕು. ಕಲಬುರಗಿಯಲ್ಲಿ ಜಯದೇವ ಸಂಸ್ಥೆಯ ಹೊಸ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ತೆರೆಯಿತು. ಅದರ ಹಾಸಿಗೆಗಳ ಸಂಖ್ಯೆ 371. ಕಲಬುರಗಿ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ನೆನಪಿಗೆ ಇಟ್ಟ ಲೆಕ್ಕ. (ಆ ವಿಧಿ ರಾಜ್ಯದ ಗಡಿಗೆ ಬಂದು ನಿಲ್ಲುತ್ತದೆ. 1956ರ ತನಕ ಕಲಬುರಗಿಯ ಜೊತೆ ಹೈದರಾಬಾದು ರಾಜ್ಯದಲ್ಲೇ ಇದ್ದ ಮರಾಠವಾಡಾದ ಕನ್ನಡಿಗನ ಎದೆಬೇನೆ ಹಾಗೆ ನಿಲ್ಲುವುದಿಲ್ಲ.) ಆಪರೇಷನ್ ಮಾಡಿದವರು ದೂರದ ಪಟ್ಟಣದಲ್ಲಿ ಉಳಿಯುತ್ತಾರೆ, ನೋವು ರೋಗಿಯ ಜೊತೆ ಬಸ್ಸು ಹತ್ತಿ ಊರಿಗೆ ಬರುತ್ತದೆ. ಆಮೇಲೆ ಅದು ಯಾರ ಜವಾಬ್ದಾರಿ?

ನೋವಿನ ಕಾರಣ ತಿಳಿದರೆ ಅರ್ಧ ಭಯ ಹೋಗುತ್ತದೆ. ಬೈಪಾಸಿಗೆ ಎದೆಯ ನಡುವಿನ ಎಲುಬನ್ನು ಮೇಲಿನಿಂದ ಕೆಳತನಕ ಗರಗಸದಿಂದ ಸೀಳಿ, ಪಕ್ಕೆಗಳನ್ನು ಅಗಲಿಸುತ್ತಾರೆ. ಕೆಲಸ ಮುಗಿದ ಮೇಲೆ ಸ್ಟೀಲ್ ತಂತಿಗಳಿಂದ ಎಲುಬನ್ನು ಬಿಗಿದು ಕಟ್ಟುತ್ತಾರೆ. ಆ ತಂತಿಗಳು ಸಾಮಾನ್ಯವಾಗಿ ಜೀವನಪೂರ್ತಿ ಒಳಗೇ ಇರುತ್ತವೆ. ಎಲುಬು ಕೂಡಲು ಆರರಿಂದ ಎಂಟು ವಾರ, ಗಟ್ಟಿಯಾಗಲು ಮೂರು ತಿಂಗಳು ಹಿಡಿಯುತ್ತದೆ. ಅಗಲಿಸುವಾಗ ಪಕ್ಕೆಯ ಸಂದುಗಳೂ ಬೆನ್ನು, ಹೆಗಲಿನ ಸ್ನಾಯುಗಳೂ ಜಗ್ಗಿರುತ್ತವೆ. ಅದಕ್ಕೇ ಎದೆ ಕೊಯ್ದವರಿಗೆ ಬೆನ್ನೂ ನೋಯುವುದು.

ಕೆಲವರಿಗೆ ಎಡ ಎದೆಯಲ್ಲಿ ಉರಿಯೂ ಉಳಿಯುತ್ತದೆ. ಅದರ ಕಥೆ ಬೇರೆ, ಸ್ವಲ್ಪ ಬಿಡಿಸಿ ಹೇಳಬೇಕು. ಎದೆಗೋಡೆಯ ಒಳಮೈಯಲ್ಲಿ ಹರಿಯುವ ರಕ್ತನಾಳವೊಂದನ್ನು ಬಿಡಿಸಿ ಹೃದಯಕ್ಕೆ ಜೋಡಿಸುವುದು ಇವತ್ತಿನ ಬೈಪಾಸಿನ ಮುಖ್ಯ ಭಾಗ. ಲೆನಿನ್‌ಗ್ರಾಡಿನ ಕೋಲೆಸೊವ್ 1964ರಲ್ಲೇ ಇದನ್ನು ಮಾಡಿದ್ದರು. ಕಾಲಿನ ರಕ್ತನಾಳ ತೆಗೆದು ಜೋಡಿಸುವ ಕ್ರಮವನ್ನು ಅರ್ಜೆಂಟೀನಾದ ಫವಾಲೊರೊ 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ನೆಲೆಗೊಳಿಸಿದರು. 1986ರಲ್ಲಿ ಬಂದ ಹತ್ತು ವರ್ಷಗಳ ಲೆಕ್ಕ, ಎದೆಯ ನಾಳ ಜೋಡಿಸಿದವರು ಕಾಲಿನದಷ್ಟೇ ಜೋಡಿಸಿದವರಿಗಿಂತ ಹೆಚ್ಚು ಕಾಲ ಬದುಕುತ್ತಾರೆ ಎಂದು ತೋರಿಸಿತು. ಈಗ ಎಲ್ಲ ಕಡೆ ಅದೇ ರೂಢಿ. ಆದರೆ ಆ ನಾಳ ಬಿಡಿಸುವಾಗ ಪಕ್ಕೆಗಳ ನಡುವಿನ ಸಣ್ಣ ನರಗಳಿಗೆ ಪೆಟ್ಟಾಗಬಹುದು. ಅದರಿಂದಲೇ ಎಡಗಡೆ ಜೋಮು, ಉರಿ, ಅಂಗಿ ತಾಗಿದರೂ ಚುರ್ ಅನ್ನುವುದು. ನರ ಮತ್ತೆ ಬೆಳೆಯುವ ವೇಗ ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ತಿಂಗಳುಗಟ್ಟಲೆ ಹಿಡಿದರೆ ಆಶ್ಚರ್ಯವಿಲ್ಲ. ಅಂದರೆ ಆಯುಷ್ಯ ಹೆಚ್ಚಿಸಿದ ಆಯ್ಕೆಯೇ ಈ ಉರಿಯನ್ನೂ ತಂದಿದೆ. ಡಾಕ್ಟರು ತಪ್ಪು ಮಾಡಿದ್ದಾರೆ ಎಂಬ ಗುಮಾನಿಗೆ ಇಲ್ಲಿ ಆಧಾರವಿಲ್ಲ. ಹೀಗೆ ಆಗಬಹುದು ಎಂದು ಮೊದಲೇ ಹೇಳದಿದ್ದರೆ ಅದು ಮಾತ್ರ ತಪ್ಪೇ.

ವೈದ್ಯಶಾಸ್ತ್ರವೂ ಇದನ್ನು ಬಹಳ ತಡವಾಗಿ ಒಪ್ಪಿಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹನ್ನೊಂದನೆಯ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂತು. ಆಪರೇಷನ್ ಆಗಿ ಮೂರು ತಿಂಗಳು ಮೀರಿ ಉಳಿಯುವ ನೋವಿಗೆ ಅದರಲ್ಲಿ ತನ್ನದೇ ಹೆಸರು ಸಿಕ್ಕಿತು. ನೋವಿನ ಅಧ್ಯಯನದ ಅಂತಾರಾಷ್ಟ್ರೀಯ ಸಂಘ 2020ರಲ್ಲಿ ತನ್ನ ವ್ಯಾಖ್ಯೆ ತಿದ್ದುವಾಗ, ನೋವಿದೆ ಎಂದು ಒಬ್ಬರು ಹೇಳಿದರೆ ಆ ಮಾತಿಗೆ ಗೌರವ ಕೊಡಬೇಕು ಎಂದು ಸ್ಪಷ್ಟವಾಗಿ ಸೇರಿಸಿತು. ನಮ್ಮಲ್ಲಿ ಆ ಗೌರವಕ್ಕೆ ಅಡ್ಡ ಬರುವುದು, ವಿಚಿತ್ರವೆಂದರೆ, ಕೃತಜ್ಞತೆ. ‘ಜೀಂವ ಉಳದದಲ್ಲ, ಮತ್ತೇನ್ ಬೇಕು?’ ಅನ್ನುವವರಲ್ಲಿ ಪ್ರೀತಿಯೇ ಇದೆ. ಸಾಲ ಮಾಡಿ, ಇಲ್ಲವೇ ಮಹಾರಾಷ್ಟ್ರದ ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನೆಯ ಕಾಗದಪತ್ರಕ್ಕೆ ಓಡಾಡಿ ಆಪರೇಷನ್ ಮಾಡಿಸಿದ ಮಗನ ಮುಂದೆ ತಂದೆ ನೋವಿನ ಮಾತು ಎತ್ತುವುದಾದರೂ ಹೇಗೆ? ಆತ ಸುಮ್ಮನಾಗುತ್ತಾನೆ. ನೋಯುತ್ತದೆಂದು ದೀರ್ಘ ಉಸಿರು ಎಳೆಯುವುದಿಲ್ಲ, ಕೆಮ್ಮುವುದಿಲ್ಲ; ಕಫ ಕಟ್ಟಿ ಜ್ವರ ಬರುತ್ತದೆ. ನಡೆಯುವುದಿಲ್ಲ, ರಾತ್ರಿ ನಿದ್ದೆಯಿಲ್ಲ, ಮನಸ್ಸು ಕುಗ್ಗುತ್ತದೆ. ನೋವು ನುಂಗುವುದು ಧೈರ್ಯ ಎಂಬ ನಮ್ಮ ಹಳೆಯ ನಂಬಿಕೆ ಇಲ್ಲಿ ಆರೋಗ್ಯಕ್ಕೇ ಮುಳುವು.

ಹೆಂಗಸರು ಇದಕ್ಕಿಂತ ಹೆಚ್ಚು ನುಂಗುತ್ತಾರೆ. ಈ ಬಗೆಯ ನೋವು ಅವರಲ್ಲೇ ಹೆಚ್ಚು ಉಳಿಯುತ್ತದೆ ಎಂದು ಹಲವು ಅಧ್ಯಯನಗಳು ಕಂಡಿವೆ. ಸ್ತನದ ಭಾರ ಗಾಯವನ್ನು ಎರಡೂ ಕಡೆ ಜಗ್ಗುತ್ತದೆ, ಕುಪ್ಪಸದ ಅಂಚು ಗಾಯಕ್ಕೆ ಉಜ್ಜುತ್ತದೆ. ಸರಿಯಾದ ಆಧಾರ ಕೊಡುವ ಮೆತ್ತನೆಯ ಒಳ ಉಡುಪು ಹಾಕಿದರೆ ಎಷ್ಟೋ ಆರಾಮ. ಇದನ್ನು ಗಂಡು ಡಾಕ್ಟರ ಮುಂದೆ ಕೇಳಲು ನಾಚಿಕೆ, ಅವರಿಗೂ ಹೇಳಲು ಸಂಕೋಚ. ಮನೆಗೆ ಬಂದ ವಾರದಲ್ಲೇ ಕೊಡ ಎತ್ತುವ ಕೆಲಸ ಕಾದಿರುತ್ತದೆ. ತುಂಬಿದ ಕೊಡದ ತೂಕ ಹತ್ತು ಕಿಲೋ ದಾಟುತ್ತದೆ. ಮೊದಲ ವಾರಗಳಲ್ಲಿ ಅದರ ಅರ್ಧವೂ ಎತ್ತಬಾರದು. ಎತ್ತಿನ ಹಗ್ಗ ಜಗ್ಗುವುದು, ತೊಗರಿ ಚೀಲಕ್ಕೆ ಕೈ ಹಾಕುವುದು, ಬೈಕ್ ಓಡಿಸುವುದು ಗಂಡಸರಿಗೂ ಅಷ್ಟೇ ನಿಷಿದ್ಧ. ನೆಲದ ಮೇಲಿನ ಹಾಸಿಗೆಯಿಂದ ಕೈ ಊರಿ ಏಳುವುದಂತೂ ಎಲುಬಿಗೆ ದೊಡ್ಡ ಪೆಟ್ಟು. ಮೂರು ತಿಂಗಳ ಮಟ್ಟಿಗೆ ಒಂದು ಮಂಚ, ಕೆಮ್ಮುವಾಗ ಎದೆಗೆ ಅವುಚಿಕೊಳ್ಳಲು ಒಂದು ದಿಂಬು. ಇಷ್ಟಕ್ಕೆ ಯಾವ ಯೋಜನೆಯೂ ಬೇಕಾಗಿಲ್ಲ.

ಹೇಳದೆ ಉಳಿದ ನೋವು ಕೊನೆಗೆ ಔಷಧ ಅಂಗಡಿಗೆ ಹೋಗುತ್ತದೆ. ಅಲ್ಲಿ ಚೀಟಿಯಿಲ್ಲದೆ ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್ ಸಿಗುತ್ತವೆ. ಬೈಪಾಸ್ ಆದವರಿಗೆ ಇವು ಸಲ್ಲದ ಗುಳಿಗೆಗಳು: ಕಿಡ್ನಿಗೆ ಹೊಡೆತ, ಹೃದಯಾಘಾತದ ಅಪಾಯ, ದಿನಾ ತಗೊಳ್ಳುವ ಆಸ್ಪಿರಿನ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವ. ಡೈಕ್ಲೊಫೆನಾಕ್ ಕೊಟ್ಟ ದನಗಳ ಹೆಣ ತಿಂದು ರಣಹದ್ದುಗಳು ಕಿಡ್ನಿ ಕೆಟ್ಟು ಸತ್ತವೆಂದು ಭಾರತ 2006ರಲ್ಲಿ ಜಾನುವಾರುಗಳಿಗೆ ಅದನ್ನು ನಿಷೇಧಿಸಿತು. ಹೆಸರಾಂತ ದೇವಣಿ ತಳಿಯ ಎತ್ತಿಗೆ ಕೊಡಬಾರದ ಮದ್ದು ಅದರ ಒಡೆಯನಿಗೆ ಕೇಳಿದಷ್ಟು ಸಿಗುತ್ತದೆ. ಸಾಮಾನ್ಯ ನೋವಿಗೆ ಡಾಕ್ಟರು ಹೇಳಿದ ಅಳತೆಯ ಪ್ಯಾರಾಸಿಟಮಾಲ್ ಸಾಕು. ನರದ ಉರಿಗೆ ಬೇರೆಯೇ ಗುಳಿಗೆಗಳಿವೆ. ತಂತಿಯೇ ಚುಚ್ಚುತ್ತಿದ್ದರೆ ಎಲುಬು ಕೂಡಿದ ಮೇಲೆ ಸಣ್ಣ ಆಪರೇಷನ್ನಿನಲ್ಲಿ ತೆಗೆಯಬಹುದು. ಆದರೆ ಉರಿಯೋ, ಚುಚ್ಚೋ, ಜಗ್ಗೋ ಎಂದು ರೋಗಿ ಬಿಡಿಸಿ ಹೇಳಬೇಕು, ಕೇಳಲು ಒಬ್ಬರಿರಬೇಕು.

ಆ ಒಬ್ಬರು ಡಾಕ್ಟರೇ ಆಗಬೇಕಿಲ್ಲ. ನಾರಾಯಣ ಹೃದಯಾಲಯದಲ್ಲಿ ನೂರಾ ಹೆಲ್ತ್ ಎಂಬ ಸಂಸ್ಥೆ, ಹೃದಯದ ಆಪರೇಷನ್ ಆದವರ ಮನೆಯವರಿಗೆ ಆಸ್ಪತ್ರೆಯಲ್ಲೇ ಆರೈಕೆಯ ಪಾಠ ಹೇಳಿಕೊಡುವ ಕೆಲಸ ಶುರು ಮಾಡಿತು. ವಾರ್ಡಿನ ಹೊರಗೆ ದಿನಗಟ್ಟಲೆ ಕಾಯುವ ಹೆಂಡತಿ, ಮಗ, ಸೊಸೆಗೆ ಕೆಲಸ ಕಲಿಸಬಹುದು ಎಂಬ ಸರಳ ಯೋಚನೆ ಅದು. ಗಡಿಯ ಊರುಗಳಿಗೆ ಇದಕ್ಕಿಂತ ಹೊಂದುವ ದಾರಿ ನನಗೆ ಕಾಣುವುದಿಲ್ಲ. ಇದರ ಜೊತೆ, ಡಿಸ್ಚಾರ್ಜ್ ಕಾಗದದಲ್ಲಿ ನೋವಿನ ಬಗ್ಗೆ ರೋಗಿಯ ಮನೆಮಾತಿನಲ್ಲಿ ನಾಲ್ಕು ಸಾಲಿರಲಿ. ಮೂರನೆಯ ತಿಂಗಳಿಗೆ ಆಸ್ಪತ್ರೆಯೇ ಫೋನ್ ಮಾಡಿ ಕೇಳಲಿ. ಲಕ್ಷಗಟ್ಟಲೆ ಖರ್ಚು ಮಾಡುವ ಯೋಜನೆಗೆ ಒಂದು ಫೋನ್ ಭಾರವಾಗದು.

ಉಳಿದ ನೋವೆಲ್ಲ ನಿರುಪದ್ರವಿ ಎಂದು ಮಾತ್ರ ತಿಳಿಯಬೇಡಿ. ಗಾಯದಿಂದ ಕೀವು, ಜ್ವರ, ಹೊರಳಿದಾಗ ಎಲುಬು ಕಟಕ್ ಅಂದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಆಪರೇಷನ್ನಿಗೆ ಮೊದಲು ಬರುತ್ತಿದ್ದಂಥದೇ ಬಿಗಿತ ಮತ್ತೆ ಬಂದರೆ, ದವಡೆಗೋ ತೋಳಿಗೋ ಹರಿದರೆ, ಬೆವರು, ಏದುಸಿರು ಸೇರಿದರೆ ಒಂದು ಗಳಿಗೆಯೂ ಕಾಯಬೇಡಿ. ಅಂಬ್ಯುಲೆನ್ಸಿನ ನಂಬರು ಗಡಿಯ ಎರಡೂ ಕಡೆ ಒಂದೇ, 108.